ಏಳು ದಿನಗಳ ಲಡಾಖ್: ಗೋಂಪಗಳು ಮೊದಲು, ಸರೋವರ ಕೊನೆಗೆ

ಪ್ರಶ್ನೆ: ನಾನು ಧಾರವಾಡದ ಕಾಲೇಜೊಂದರಲ್ಲಿ ಅಧ್ಯಾಪಕಿ. ಅಕ್ಟೋಬರ್ ಮೊದಲ ವಾರದ ರಜೆಯಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನ ಪತಿ, 14 ವರ್ಷದ ಮಗಳು ಹಾಗೂ 64 ವರ್ಷದ ನನ್ನ ತಂದೆ, ಏಳು ರಾತ್ರಿಗಳ ಲಡಾಖ್ ಪ್ರವಾಸಕ್ಕೆ ಹೊರಟಿದ್ದೇವೆ. ತಂದೆಯವರಿಗೆ ರಕ್ತದೊತ್ತಡವಿದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಪ್ರವಾಸ ಏರ್ಪಡಿಸುವವರು ಕೊಟ್ಟ ಪಟ್ಟಿ ಹೀಗಿದೆ: ಮೊದಲ ದಿನ ಲೇಹ್ ಪೇಟೆ, ಎರಡನೆಯ ದಿನ ಖಾರ್ದುಂಗ್ ಲಾ ಘಟ್ಟ ದಾಟಿ ನುಬ್ರಾ ಕಣಿವೆ, ಮೂರನೆಯ ದಿನ ಪ್ಯಾಂಗಾಂಗ್ ಸರೋವರ, ನಾಲ್ಕು ಮತ್ತು ಐದನೆಯ ದಿನ ತ್ಸೊ ಮೊರಿರಿ ಸರೋವರ, ಆರನೆಯ ದಿನ ಲೇಹ್‌ಗೆ ವಾಪಸು, ಏಳನೆಯ ದಿನ ಐದು ಬೌದ್ಧ ವಿಹಾರಗಳು. ಮಗಳಿಗೆ ಹಕ್ಕಿಗಳೆಂದರೆ ಪ್ರಾಣ; ತಂದೆಯವರಿಗೆ ಹಳೆಯ ಗುಡಿಗಳ ಚಿತ್ರ ಮತ್ತು ಶಿಲ್ಪದಲ್ಲಿ ಆಸಕ್ತಿ. ಈ ಪಟ್ಟಿ ಸರಿಯೇ?

ಉತ್ತರ: ಪಟ್ಟಿಯಲ್ಲಿರುವ ಒಂದೊಂದು ಸ್ಥಳವೂ ನೋಡತಕ್ಕದ್ದೇ. ಆದರೆ ಅವುಗಳನ್ನು ಜೋಡಿಸಿರುವ ಕ್ರಮ ತಪ್ಪು. ನಿಮ್ಮ ತಂದೆಯವರ ವಯಸ್ಸನ್ನು ನೋಡಿದರೆ, ಈ ಕ್ರಮದಲ್ಲಿ ಹೋಗಬೇಡಿ ಎಂದು ನಾನು ಸ್ಪಷ್ಟವಾಗಿಯೇ ಹೇಳಬೇಕಾಗುತ್ತದೆ. ಲಡಾಖಿನ ಪ್ರವಾಸವನ್ನು ಕಿಲೋಮೀಟರುಗಳ ಲೆಕ್ಕದಲ್ಲಾಗಲಿ, ಸ್ಥಳಗಳ ಹೆಸರುವಾಸಿಯ ಮೇಲಾಗಲಿ ಯೋಜಿಸಲಾಗದು. ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬ ಒಂದೇ ಲೆಕ್ಕದ ಮೇಲೆ ಯೋಜಿಸಬೇಕು. ಅದೃಷ್ಟವಶಾತ್ ಆ ಲೆಕ್ಕ ನಿಮ್ಮ ಮನೆಯವರ ಆಸಕ್ತಿಗೂ ಒಪ್ಪುವಂಥದ್ದು. ಹಳೆಯ ಗೋಂಪಗಳಲ್ಲಿ ಹೆಚ್ಚಿನವು (ವಿಹಾರಕ್ಕೆ ಅಲ್ಲಿಯವರು ಹೇಳುವ ಮಾತು ಇದೇ) ಸಿಂಧೂ ನದಿಯ ಕಣಿವೆಯಲ್ಲಿ, ಬಾರ್ಲಿ ಬೆಳೆಯುವ ಹಳ್ಳಿಗಳ ನೆತ್ತಿಯ ಮೇಲೆ, ಸುಮಾರು 3,100ರಿಂದ 3,600 ಮೀಟರ್ ಎತ್ತರದಲ್ಲಿವೆ. ದೊಡ್ಡ ಸರೋವರಗಳು ಬೆಳೆ ಕಷ್ಟವಾದ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ, 4,200 ಮೀಟರಿಗಿಂತ ಮೇಲಿವೆ. ಆದ್ದರಿಂದ ಏಳನೆಯ ದಿನಕ್ಕೆ ತಳ್ಳಿರುವ ಗೋಂಪಗಳನ್ನು ಮೊದಲ ನಾಲ್ಕು ದಿನಗಳಿಗೆ ತನ್ನಿ, ಸರೋವರವನ್ನು ಕೊನೆಗಿಡಿ.

ಕಾರಣವನ್ನು ತಿಳಿದುಕೊಂಡರೆ ಕ್ರಮವನ್ನು ಪಾಲಿಸುವುದು ಸುಲಭ. ಎತ್ತರದಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಸುಮಾರು ಶೇಕಡಾ 65ಕ್ಕೆ, ಖಾರ್ದುಂಗ್ ಲಾದಂಥ ಘಟ್ಟಗಳ ಮೇಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಇದನ್ನು ಸರಿದೂಗಿಸಲು ದೇಹ ಹೆಚ್ಚು ಉಸಿರಾಡುತ್ತದೆ. ಹೆಚ್ಚು ಉಸಿರಾಡಿದಾಗ ರಕ್ತ ಕ್ಷಾರೀಯವಾಗುತ್ತದೆ. ಆ ಹೆಚ್ಚುವರಿ ಕ್ಷಾರವನ್ನು ಮೂತ್ರಪಿಂಡಗಳು ಹೊರಹಾಕಿದ ಮೇಲೆಯೇ ಉಸಿರಾಟ ಒಂದು ಹದಕ್ಕೆ ಬರುತ್ತದೆ. ಈ ಕೆಲಸಕ್ಕೆ ಎರಡು ಮೂರು ದಿನ ಬೇಕು. ವಯಸ್ಸು, ಹುಮ್ಮಸ್ಸು, ನಿತ್ಯದ ವ್ಯಾಯಾಮ ಇವು ಯಾವುವೂ ಅದನ್ನು ಬೇಗ ಮುಗಿಸಲಾರವು. ನಿಮ್ಮ ಮನೆಯಲ್ಲಿ ಮೊದಲು ತಲೆನೋವು ಬರುವುದು ಮಗಳಿಗೇ ಆಗಬಹುದು, ತಂದೆಯವರಿಗೇ ಆಗಬೇಕೆಂದಿಲ್ಲ. ಪರ್ವತ ವೈದ್ಯರು ಹೇಳುವ ನಿಯಮವೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಹಗಲಿನಲ್ಲಿ ಅದಕ್ಕಿಂತ ಮೇಲೆ ಹೋಗಿ ಬಂದರೆ ಅಷ್ಟು ತೊಂದರೆಯಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ಮಂದವಾಗುವುದರಿಂದ ಮಲಗುವ ಸ್ಥಳವೇ ಮುಖ್ಯ.

ನಾನು ಈ ಪಾಠವನ್ನು ಕಲಿತದ್ದು ನನ್ನ ಚಿಕ್ಕಪ್ಪನವರ ಮೂಲಕ. ಹಲವು ವರ್ಷಗಳ ಹಿಂದೆ, ನಿಮ್ಮ ಪಟ್ಟಿಯನ್ನೇ ಹೋಲುವ ಒಂದು ಪಟ್ಟಿಯನ್ನು ನಂಬಿ ನಾವು ಮೂರನೆಯ ರಾತ್ರಿಗೇ ಪ್ಯಾಂಗಾಂಗ್ ದಡದ ಗುಡಾರದಲ್ಲಿದ್ದೆವು. ಸಂಜೆ ಅವರು ತಲೆನೋವೆಂದು ಊಟ ಬಿಟ್ಟು ಮಲಗಿದರು. ದಣಿವಿರಬೇಕೆಂದು ನಾವೂ ಸುಮ್ಮನಾದೆವು. ನಡುರಾತ್ರಿ ಎದ್ದು ನೋಡಿದಾಗ ಮಲಗಲಾರದೆ ಎದ್ದು ಕುಳಿತಿದ್ದರು, ಪ್ರತಿ ಉಸಿರಿಗೂ ಎದೆಯಲ್ಲಿ ಗೊರಗೊರ ಸದ್ದು, ಟಾರ್ಚಿನ ಬೆಳಕಿನಲ್ಲಿ ಉಗುರುಗಳು ನೀಲಿಗಟ್ಟಿ ಕಾಣುತ್ತಿದ್ದವು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ನಮ್ಮ ಲಡಾಖಿ ಚಾಲಕರು ಒಂದು ಮಾತೂ ಕೇಳದೆ ಗಾಡಿ ತೆಗೆದರು. ಆ ರಾತ್ರಿಯೇ ನನಗೆ ತಿಳಿದ ಸಂಗತಿ ಇನ್ನೊಂದಿದೆ: ಎತ್ತರದ ಕಾಯಿಲೆಗೆ ಕೆಳಗಿಳಿಯುವುದೇ ಮದ್ದು, ಆದರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಇಳಿಯಬೇಕಾದರೆ 5,300 ಮೀಟರಿಗಿಂತ ಎತ್ತರದ ಚಾಂಗ್ ಲಾ ಘಟ್ಟವನ್ನು ಮೊದಲು ಹತ್ತಬೇಕು. ದಾರಿಯ ಸೇನಾ ಠಾಣೆಯಲ್ಲಿ ಸಿಕ್ಕ ಆಮ್ಲಜನಕದಿಂದ ಅವರು ಉಳಿದರು. ಬೆಳಗಾಗುವ ಹೊತ್ತಿಗೆ ಲೇಹ್‌ನ ಆಸ್ಪತ್ರೆಯಲ್ಲಿದ್ದರು. ನಕ್ಷೆಯಲ್ಲಿ ಆ ದಾರಿ 160 ಕಿಲೋಮೀಟರ್ ಎಂದಷ್ಟೇ ಕಾಣುತ್ತದೆ. ಅಂದಿನಿಂದ ಯಾರಿಗೇ ಆಗಲಿ, ಮೊದಲ ನಾಲ್ಕು ರಾತ್ರಿಗಳೊಳಗೆ ಸರೋವರದ ದಡದಲ್ಲಿ ಮಲಗಬೇಡಿ ಎಂದು ಹೇಳುತ್ತಾ ಬಂದಿದ್ದೇನೆ.

ಇನ್ನು ನಿಮ್ಮ ಏಳು ರಾತ್ರಿಗಳು. ದೆಹಲಿಯಿಂದ ಬೆಳಗಿನ ವಿಮಾನದಲ್ಲೇ ಬನ್ನಿ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಜೋರಾಗುವುದರಿಂದ ವಿಮಾನಗಳ ಓಡಾಟ ಹೆಚ್ಚಾಗಿ ಬೆಳಗಿನ ಹೊತ್ತಿಗೇ ಇರುತ್ತದೆ. ಇಳಿದ ಮೇಲೆ ಲೇಹ್ ಪೇಟೆಗೆ ಹೋಗದೆ, ಶ್ರೀನಗರದ ಹೆದ್ದಾರಿ ಹಿಡಿದು ನೇರವಾಗಿ ಆಲ್ಚಿ ಹಳ್ಳಿಗೆ ಹೋಗಿ ಎಂಬುದು ನನ್ನ ಸಲಹೆ. ದೂರ ಸುಮಾರು 65 ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ಆಲ್ಚಿ ಲೇಹ್‌ಗಿಂತ ಸುಮಾರು 400 ಮೀಟರ್ ಕೆಳಗಿದೆ. ಧಾರವಾಡದ ಎತ್ತರದಿಂದ ಒಮ್ಮೆಲೇ ಬಂದ ದೇಹಕ್ಕೆ ಆ 400 ಮೀಟರ್ ದೊಡ್ಡ ಉಪಕಾರ. ದಾರಿಯಲ್ಲಿ ನಿಮ್ಮು ಬಳಿ ಹಸಿರು ಮಿಶ್ರಿತ ಸಿಂಧೂ ಮತ್ತು ಮಣ್ಣುಬಣ್ಣದ ಜಾಂಸ್ಕಾರ್ ಕೂಡುವ ಸಂಗಮವನ್ನು ರಸ್ತೆಯಿಂದಲೇ ನೋಡಬಹುದು. ಋತುವಿಗೆ ತಕ್ಕಂತೆ ಎರಡರ ಬಣ್ಣವೂ ಬದಲಾಗುತ್ತದೆ. ಆ ದಿನ ಉಳಿದಂತೆ ಏನನ್ನೂ ಮಾಡಬೇಡಿ. ಆಲ್ಚಿಯ ಯಾವುದಾದರೂ ಮನೆಯ ಅಂಗಳದಲ್ಲಿ ಬಿಸಿಲಿಗೆ ಕುಳಿತು, ನೀರು ಕುಡಿದು, ತುಕ್ಪಾ (ನೂಡಲ್ಸ್ ಹಾಕಿದ ಬಿಸಿ ಸಾರು) ಉಂಡು ಬೇಗ ಮಲಗಿ. ಎರಡು ರಾತ್ರಿ ಅಲ್ಲೇ ಇರಿ.

ಎರಡನೆಯ ದಿನ ಎಲ್ಲರೂ ಚೆನ್ನಾಗಿದ್ದರೆ ಬೆಳಿಗ್ಗೆ ಲಾಮಾಯುರು ಗೋಂಪಕ್ಕೆ ಹೋಗಿ ಸಂಜೆ ಆಲ್ಚಿಗೇ ಮರಳಬಹುದು. ಲಾಮಾಯುರು ಲೇಹ್‌ನಷ್ಟೇ ಎತ್ತರದಲ್ಲಿರುವುದರಿಂದ ಹಗಲು ಮೇಲೆ, ರಾತ್ರಿ ಕೆಳಗೆ ಎಂಬ ಪಾಠ ತಾನಾಗಿಯೇ ಆಗುತ್ತದೆ. ಅಲ್ಲಿ ನೀವು ಕಾಣುವ ಮೊದಲ ಸರೋವರ ನೀರಿಲ್ಲದ ಸರೋವರ. ಗೋಂಪದ ಸುತ್ತ ಹಳದಿ ಮಣ್ಣಿನ ದಿಣ್ಣೆಗಳು, ಸುಕ್ಕುಗಟ್ಟಿದ ಚರ್ಮದಂತೆ ಮಡಿಕೆ ಮಡಿಕೆಯಾಗಿ ನಿಂತಿವೆ; ಹಿಂದೆ ಅಲ್ಲಿದ್ದ ಸರೋವರದ ತಳದಲ್ಲಿ ಕೂತ ಹೂಳು ಅದು. ಅರ್ಹಂತ ಮಧ್ಯಾಂತಿಕನು ನೀರನ್ನು ಹರಿಯಬಿಟ್ಟು ಇಲ್ಲಿ ವಿಹಾರಕ್ಕೆ ಎಡೆಮಾಡಿದನೆಂದು ಸ್ಥಳಪುರಾಣ ಹೇಳುತ್ತದೆ. ಇಲ್ಲಿ ಸರೋವರವಿತ್ತೆಂಬ ಮಟ್ಟಿಗೆ ಭೂವಿಜ್ಞಾನಿಗಳೂ ಒಪ್ಪುತ್ತಾರೆ. ವಿಹಾರ ಟಿಬೆಟಿನ ಬೌದ್ಧ ಪಂಥಗಳಲ್ಲೊಂದಾದ ಡ್ರಿಕುಂಗ್ ಕಗ್ಯು ಪಂಥದ್ದು. ಬೌದ್ಧ ಸಿದ್ಧ ನಾರೋಪ ತಪಸ್ಸು ಮಾಡಿದನೆಂದು ನಂಬಲಾದ ಸಣ್ಣ ಗುಹೆಯೊಂದು ಒಳಗಿದೆ.

ಆಲ್ಚಿಯ ಗುಡಿಗಳನ್ನು ಅವಸರದಲ್ಲಿ ನೋಡಬೇಡಿ. ಮೂರನೆಯ ದಿನದ ಇಡೀ ಬೆಳಗನ್ನು ಅದಕ್ಕೇ ಮೀಸಲಿಡಿ. ನಿಮ್ಮ ತಂದೆಯವರ ಸಲುವಾಗಿ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬೇರೆ ಗೋಂಪಗಳಂತೆ ಇದು ಗುಡ್ಡದ ಮೇಲಿಲ್ಲ, ನದಿಯ ಪಕ್ಕದ ಸಮತಟ್ಟಿನಲ್ಲಿ, ಏಪ್ರಿಕಾಟ್ ಮರಗಳ ನಡುವೆ ತಗ್ಗಾಗಿ ಕುಳಿತಿದೆ. ಸಂಪ್ರದಾಯ ಇದನ್ನು ಬೌದ್ಧ ಗ್ರಂಥಗಳ ಅನುವಾದಕ ರಿಂಚೆನ್ ಜಾಂಗ್ಪೊ ಹೆಸರಿಗೆ ಕಟ್ಟುತ್ತದೆಯಾದರೂ, ಒಳಗಿನ ಬರಹಗಳು ಡ್ರೊ ಎಂಬ ಮನೆತನದವರು ಕಟ್ಟಿಸಿದರೆಂದು ತಿಳಿಸುತ್ತವೆ. ಕಾಲ 11ರಿಂದ 13ನೆಯ ಶತಮಾನದ ನಡುವಿನದು; ಲಕ್ಕುಂಡಿಯಲ್ಲಿ ನಮ್ಮ ಶಿಲ್ಪಿಗಳು ಕಲ್ಲು ಕಡೆಯುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ ಎಂದು ನೆನೆದರೆ ತಂದೆಯವರಿಗೆ ಅದು ಹತ್ತಿರವೆನಿಸೀತು. ಸುಮ್‌ತ್ಸೆಕ್ ಎಂಬ ಮೂರಂತಸ್ತಿನ ಗುಡಿಯೊಳಗೆ ಬಗ್ಗಿ ಹೋಗಬೇಕು. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಮೂರು ಗೋಡೆಗಳ ಗೂಡುಗಳಲ್ಲಿ ನಿಂತಿರುವ ಮೂರು ಬೋಧಿಸತ್ತ್ವರು ನಿಧಾನವಾಗಿ ಕಾಣಿಸಿಕೊಳ್ಳುತ್ತಾರೆ: ಎಡಕ್ಕೆ ಅವಲೋಕಿತೇಶ್ವರ, ಎದುರಿಗೆ ನಾಲ್ಕು ಮೀಟರಿಗೂ ಮಿಕ್ಕಿದ ಮೈತ್ರೇಯ (ಮುಂದೆ ಬರಲಿರುವ ಬುದ್ಧ), ಬಲಕ್ಕೆ ಮಂಜುಶ್ರೀ. ಅವರ ಮುಖಗಳು ಮೇಲಂತಸ್ತಿನ ಬೆಳಕಿನಲ್ಲಿವೆ, ನಮ್ಮ ಕಣ್ಣಿಗೆ ನೇರ ಸಿಕ್ಕುವುದು ಉಟ್ಟ ಧೋತರ. ಆ ಧೋತರಗಳನ್ನೇ ನೋಡಬೇಕು. ಅವಲೋಕಿತೇಶ್ವರನ ಧೋತರದ ತುಂಬ ಕಾಶ್ಮೀರದ ಗುಡಿಗಳು, ಅರಮನೆಗಳು, ಕುದುರೆ ಏರಿದವರು. ಮೈತ್ರೇಯನ ಧೋತರದ ಮೇಲೆ ಕೆಂಪು ನೆಲದ ದುಂಡು ಚೌಕಟ್ಟುಗಳಲ್ಲಿ ಬುದ್ಧನ ಜೀವನ. ಮಂಜುಶ್ರೀಯದರ ಮೇಲೆ ತಾಂತ್ರಿಕ ಬೌದ್ಧ ಪರಂಪರೆಯ 84 ಮಹಾಸಿದ್ಧರು. ಅಂಗೈಯಗಲದ ಜಾಗದಲ್ಲಿ ಹತ್ತಾರು ಜನ, ಕೂದಲೆಳೆಯಂಥ ಗೆರೆ. ಈ ಚಿತ್ರಗಳನ್ನು ಬರೆದ ಕಾಶ್ಮೀರದ ಪರಂಪರೆ ಕಾಶ್ಮೀರದಲ್ಲೇ ಉಳಿದಿಲ್ಲ. ಅಲ್ಲಿನ ಬೌದ್ಧ ಗುಡಿಗಳು ಹೇಗಿದ್ದವೆಂದು ಕೇಳುವವರು ಇಂದು ಈ ಗೋಡೆಗಳ ಮುಂದೆ ಬಂದು ನಿಲ್ಲಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ. ಲಿಕಿರ್ ವಿಹಾರದ ಭಿಕ್ಷುಗಳು ಗುಡಿಯ ಕೀಲಿ ಇಟ್ಟುಕೊಂಡು ಕಾಯುತ್ತಾರೆ. ಅವರು ಹೊರಡಿ ಎಂದಾಗ ಹೊರಡಿ. ಗೋಡೆಗೆ ಒರಗಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ. ಎಂಟು ನೂರು ವರ್ಷ ಉಳಿದು ಬಂದ ಸುಣ್ಣಮಣ್ಣಿನ ಮೇಲಿನ ಬಣ್ಣಕ್ಕೆ ನಮ್ಮ ಉಸಿರಿನ ತೇವವೂ ಭಾರವೇ.

ಅಂದು ಮಧ್ಯಾಹ್ನ ಬಸ್ಗೋದ ಮಣ್ಣಿನ ಕೋಟೆಯನ್ನು ನೋಡಿಕೊಂಡು ಲೇಹ್ ಸೇರಿ. ಮೂರನೆಯ ಮತ್ತು ನಾಲ್ಕನೆಯ ರಾತ್ರಿ ಅಲ್ಲಿ.

ನಾಲ್ಕನೆಯ ದಿನ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು 19 ಕಿಲೋಮೀಟರ್ ದೂರದ ಥಿಕ್ಸೆಗೆ ಹೋಗಿ. ಭಿಕ್ಷುಗಳ ಬೆಳಗಿನ ಪ್ರಾರ್ಥನೆಗೆ ಮುಂಚೆ ಇಬ್ಬರು ಮಾಳಿಗೆಯ ಮೇಲೆ ನಿಂತು ಉದ್ದನೆಯ ಕಹಳೆ ಊದುತ್ತಾರೆ, ಆ ಸ್ವರ ಕಣಿವೆಯ ಹೊಲಗಳವರೆಗೂ ಹೋಗುತ್ತದೆ. ಒಳಗೆ ಗೋಡೆಯ ಪಕ್ಕದಲ್ಲಿ, ಕಾಲುಗಳನ್ನು ಬುದ್ಧನ ಕಡೆಗೆ ಚಾಚದೆ, ಮಾತಿಲ್ಲದೆ ಕುಳಿತರೆ ಯಾರೂ ಬೇಡವೆನ್ನುವುದಿಲ್ಲ. ನಡುನಡುವೆ ಹತ್ತು ಹನ್ನೆರಡು ವರ್ಷದ ಮರಿಭಿಕ್ಷು ಕೆಟಲ್ ಹಿಡಿದು ಓಡಿ ಬಂದು ಎಲ್ಲರ ಬಟ್ಟಲಿಗೆ ಉಪ್ಪು-ಬೆಣ್ಣೆಯ ಚಹಾ ಸುರಿಯುತ್ತಾನೆ. ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿದರೆ ಹಿತವೆನಿಸುತ್ತದೆ, ಆ ಚಳಿಗೆ ಅದು ಬೇಕು ಕೂಡ. ಆಮೇಲೆ ಎರಡಂತಸ್ತಿನೆತ್ತರದ, ಸುಮಾರು 15 ಮೀಟರಿನ ಮೈತ್ರೇಯನ ಮುಖದೆದುರು ನಿಂತು ಬನ್ನಿ. ಥಿಕ್ಸೆ ದಲೈ ಲಾಮಾ ಅವರ ಗೆಲುಗ್ ಪಂಥದ್ದು. ಲಡಾಖಿನ ಗೆಲುಗ್ ಭಿಕ್ಷುಗಳಲ್ಲಿ ಅನೇಕರು ಹೆಚ್ಚಿನ ಓದಿಗೆ ಬರುವುದು ನಿಮ್ಮ ಊರಿಗೆ ಹತ್ತಿರದ ಮುಂಡಗೋಡಿಗೆ, ಅಲ್ಲಿ ಮರುಸ್ಥಾಪನೆಗೊಂಡ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಿಗೆ, ಇಲ್ಲವೆ ಬೈಲಕುಪ್ಪೆಯ ಸೆರಾಕ್ಕೆ. ಹಾಗೆ ಓದಿ ಹೋದ ಹಿರಿಯ ಭಿಕ್ಷುವೊಬ್ಬರು, ನಾನು ಕರ್ನಾಟಕದವನೆಂದು ತಿಳಿದೊಡನೆ, "ಊಟ ಆಯ್ತಾ?" ಎಂದು ಕನ್ನಡದಲ್ಲೇ ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಹೆಮಿಸ್ ಅನ್ನು ಬಿಟ್ಟರೂ ನಡೆದೀತು. ಅದರ ದೊಡ್ಡತನವೆಲ್ಲ ಬೇಸಿಗೆಯ ಮುಖವಾಡ ಕುಣಿತದ ಹಬ್ಬದಲ್ಲಿ ಕಾಣುವಂಥದ್ದು, ಅಕ್ಟೋಬರಿನಲ್ಲಿ ಅಂಗಳ ಖಾಲಿಯಿರುತ್ತದೆ. ಆ ಮಧ್ಯಾಹ್ನ ತಂದೆಯವರು ಮಲಗಿ ವಿಶ್ರಮಿಸಲಿ.

ಐದನೆಯ ದಿನ ಪ್ಯಾಂಗಾಂಗ್. ಕಾರು ಎಂಬಲ್ಲಿ ಸಿಂಧೂವನ್ನು ಬಿಟ್ಟು ಹತ್ತುವ ದಾರಿಯಲ್ಲಿ, ಅರಸ ಸೆಂಗೆ ನಾಮ್‌ಗ್ಯಾಲನ ನೆನಪಿಗೆ 17ನೆಯ ಶತಮಾನದಲ್ಲಿ ಕಟ್ಟಿದ ಚೆಮ್ರೆ ಗೋಂಪ ಒಂಟಿ ಗುಡ್ಡವನ್ನು ಮುಚ್ಚಿಕೊಂಡು ನಿಂತಿರುವುದು ಕಾಣುತ್ತದೆ. ಒಂದು ಗಂಟೆ ಅಲ್ಲಿ ಕಳೆಯಿರಿ. ಚಾಂಗ್ ಲಾದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ಓಡಬೇಡಿ. ಈಗ ಮುಖ್ಯವಾದ ಮಾತು: ದಡದ ಸ್ಪಾಂಗ್‌ಮಿಕ್‌ನಲ್ಲಿ ಕೋಣೆ ಹಿಡಿಯದೆ, ಸರೋವರಕ್ಕೆ ಸುಮಾರು 35 ಕಿಲೋಮೀಟರ್ ಮೊದಲು ಸಿಗುವ ಟಾಂಗ್ಚೆ ಹಳ್ಳಿಯಲ್ಲಿ ಹಿಡಿಯಿರಿ. ಅದು ಸರೋವರಕ್ಕಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಲೇಹ್‌ನಿಂದ ಹೆಚ್ಚುವ ಎತ್ತರ ಆಗ 500 ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಮಧ್ಯಾಹ್ನ ಸರೋವರಕ್ಕೆ ಹೋಗಿ, ಸಂಜೆ ಟಾಂಗ್ಚೆಗೆ ಮರಳಿ, ಎಲ್ಲರಿಗೂ ನಿದ್ದೆ ಸರಿಯಾಗಿ ಬಂದಿದ್ದರೆ ಮರುದಿನ ಬೆಳಿಗ್ಗೆ ಇನ್ನೊಮ್ಮೆ ಹೋಗಿ. ಎರಡು ಹೊತ್ತಿನಲ್ಲಿ ನೋಡಬೇಕಾದ ನೀರು ಅದು. ಸುಮಾರು 134 ಕಿಲೋಮೀಟರ್ ಉದ್ದದ ಆ ಸರೋವರದ ಮೂರರಲ್ಲೊಂದು ಭಾಗವಷ್ಟೇ ನಮ್ಮ ಕಡೆಗಿದೆ. ಹಿಂದೆ ಶ್ಯೋಕ್ ನದಿಗೆ ಹರಿಯುತ್ತಿದ್ದ ಅದರ ಬಾಯಿ ಮುಚ್ಚಿಹೋಗಿ, ಒಳಬಂದ ನೀರು ಆವಿಯಾಗುವುದೊಂದೇ ದಾರಿಯಾದ್ದರಿಂದ ಉಪ್ಪಾಗಿದೆ. ಮಗಳು ಬೆರಳದ್ದಿ ರುಚಿ ನೋಡಲಿ. ಮಧ್ಯಾಹ್ನದ ಬಿಸಿಲಿನಲ್ಲಿ ದಡದ ಬಳಿ ತಿಳಿಹಸಿರು, ನಡುವೆ ನವಿಲುಗತ್ತಿನ ನೀಲಿ. ಬೆಳಿಗ್ಗೆ ಗಾಳಿ ಏಳುವ ಮೊದಲು ಬಣ್ಣವೇ ಇರುವುದಿಲ್ಲ, ಎದುರಿನ ಬೆಟ್ಟಗಳು ಮಾತ್ರ ತಲೆಕೆಳಗಾಗಿ ನಿಂತಿರುತ್ತವೆ.

ಆರನೆಯ ರಾತ್ರಿ ಲೇಹ್. ಏಳನೆಯ ದಿನವನ್ನು ಖಾಲಿ ಬಿಡಿ. ಹವಾಮಾನದಿಂದ ಚಾಂಗ್ ಲಾ ಒಂದು ದಿನ ಮುಚ್ಚಿದರೂ ಯಾರಾದರೊಬ್ಬರಿಗೆ ಸುಸ್ತಾದರೂ ಆ ದಿನ ನಿಮ್ಮನ್ನು ಕಾಪಾಡುತ್ತದೆ. ಏನೂ ಆಗದಿದ್ದರೆ ಲೇಹ್‌ನ ಹಳೆಯ ಅರಮನೆಯನ್ನೂ ಅದರ ಕೆಳಗಿನ ಮಣ್ಣಿನ ಓಣಿಗಳನ್ನೂ ನಿಧಾನವಾಗಿ ನೋಡಿ.

ನುಬ್ರಾ ಬಿಟ್ಟುಹೋಯಿತೆಂದು ಬೇಸರವಾಗಬಹುದು. ಅಲ್ಲಿನ ದಿಸ್ಕಿತ್ ತಗ್ಗಿನಲ್ಲಿದೆ, ಮಲಗಲು ಒಳ್ಳೆಯ ಊರು. ಆದರೆ ಹೋಗಲು ಎರಡು ದಿನ ಬೇಕು, ಆ ಎರಡು ದಿನಗಳನ್ನು ಆಲ್ಚಿಯಿಂದ ಕಿತ್ತುಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ. ಹತ್ತು ದಿನಗಳ ರಜೆ ಸಿಕ್ಕಾಗ ಅದನ್ನೂ, ಹಾನ್ಲೆಯನ್ನೂ ಸೇರಿಸಿಕೊಳ್ಳಿ. ಹಾನ್ಲೆಯ ಬೆಟ್ಟದ ಮೇಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತ ಖಗೋಳ ವಿಜ್ಞಾನಿಗಳು ಉಪಗ್ರಹದ ಮೂಲಕ ನಡೆಸುತ್ತಾರೆ.

ತಂದೆಯವರ ಬಗ್ಗೆ. ಹೊರಡುವ ಮೂರು ವಾರ ಮೊದಲೇ ಅವರ ವೈದ್ಯರನ್ನು ಕಾಣಿ, "3,100ರಿಂದ 4,000 ಮೀಟರಿನಲ್ಲಿ ಏಳು ರಾತ್ರಿ, ನಡುವೆ 5,300 ಮೀಟರಿಗೂ ಮಿಕ್ಕಿದ ಘಟ್ಟ" ಎಂದು ಸಂಖ್ಯೆ ಸಮೇತ ಹೇಳಿ. ಎತ್ತರಕ್ಕೆ ಬಂದ ಮೊದಲ ದಿನಗಳಲ್ಲಿ ರಕ್ತದೊತ್ತಡ ಸ್ವಲ್ಪ ಏರುವುದು ಸಹಜ, ಮಾತ್ರೆ ತಪ್ಪಬಾರದು. ಅಸೆಟಜೋಲಮೈಡ್ ಎಂಬ ಮಾತ್ರೆ ಮೂತ್ರಪಿಂಡಗಳ ಆ ಕ್ಷಾರ ಹೊರಹಾಕುವ ಕೆಲಸವನ್ನೇ ಬೇಗ ಮಾಡಿಸುತ್ತದೆ. ಸಾಮಾನ್ಯವಾಗಿ 125 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಅದು ಮೂತ್ರ ಹೆಚ್ಚಿಸುವ ಮಾತ್ರೆಯಾದ್ದರಿಂದ ಅವರ ಒತ್ತಡದ ಮಾತ್ರೆಯೊಂದಿಗೆ ಹೊಂದುತ್ತದೆಯೇ, ಸಲ್ಫಾ ಔಷಧಿಗಳ ಅಲರ್ಜಿ ಇದೆಯೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ನಿದ್ದೆ ಮಾತ್ರೆಯನ್ನೂ ಮದ್ಯವನ್ನೂ ಆ ವಾರ ಯಾರೂ ಮುಟ್ಟಬಾರದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ 80ರ ಮೇಲಿನ ಅಂಕಿಗಳು ಬಂದರೆ ಲೇಹ್‌ನಲ್ಲಿ ಹೆದರಬೇಕಿಲ್ಲ, ಅಂಕಿಗಿಂತ ಮನುಷ್ಯನನ್ನು ನೋಡಿ. ಬರಿಯ ತಲೆನೋವಿದ್ದರೆ ವಿಶ್ರಾಂತಿ ಸಾಕು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮಿನಲ್ಲಿ ನೊರೆ, ಮಾತಿನಲ್ಲಿ ಗೊಂದಲ, ನೇರ ಗೆರೆಯ ಮೇಲೆ ನಡೆಯಲಾಗದ ತೂರಾಟ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಹೊರಡಿ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಸಣ್ಣ ಡಬ್ಬಿ ಕೆಲವೇ ನಿಮಿಷಗಳದ್ದು. ಪ್ಯಾಂಗಾಂಗ್‌ಗೆ ಹೋಗುವ ಗಾಡಿಯಲ್ಲಿ ದೊಡ್ಡ ಸಿಲಿಂಡರ್ ಇರಲೇಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಉಳಿದ ಸಣ್ಣ ಸಂಗತಿಗಳು: ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಪ್ಯಾಂಗಾಂಗ್ ಗಡಿಪ್ರದೇಶವಾದ್ದರಿಂದ ಲಡಾಖ್ ಆಡಳಿತದ ಜಾಲತಾಣದಲ್ಲಿ ಮೊದಲೇ ನೋಂದಾಯಿಸಿ, ಶುಲ್ಕ ಕಟ್ಟಿ, ರಸೀದಿಯ ನಾಲ್ಕಾರು ಪ್ರತಿಗಳನ್ನು ಆಧಾರ್ ಜೊತೆಗೆ ಇಟ್ಟುಕೊಳ್ಳಿ. ಟಾಂಗ್ಚೆಯಲ್ಲಿ ಅಕ್ಟೋಬರಿನ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ದಪ್ಪ ಕೋಟೊಂದಕ್ಕಿಂತ ಒಂದರ ಮೇಲೊಂದು ತೊಡುವ ಮೂರು ಪದರದ ಬಟ್ಟೆ ಮೇಲು. ಮಣಿ ಗೋಡೆಗಳನ್ನೂ (ಮಂತ್ರ ಕೆತ್ತಿದ ಕಲ್ಲುಗಳನ್ನು ಜೋಡಿಸಿದ ಗೋಡೆಗಳು) ಸ್ತೂಪಗಳನ್ನೂ ಬಲಕ್ಕಿಟ್ಟುಕೊಂಡು, ನಮ್ಮ ಪ್ರದಕ್ಷಿಣೆಯಂತೆಯೇ, ಸುತ್ತಿ ಬನ್ನಿ. ಎದುರು ಬಂದವರಿಗೆ "ಜುಲೆ" ಎನ್ನಿ. ನಮಸ್ಕಾರಕ್ಕೂ ಧನ್ಯವಾದಕ್ಕೂ ಅದೊಂದೇ ಮಾತು.

ಕೊನೆಯದಾಗಿ ಮಗಳ ಹಕ್ಕಿಗಳು. ತ್ಸೊ ಮೊರಿರಿಯನ್ನು ನಾನು ಕೈಬಿಟ್ಟದ್ದಕ್ಕೆ 4,500 ಮೀಟರಿನ ಎತ್ತರವೊಂದೇ ಕಾರಣವಲ್ಲ. ಬೇಸಿಗೆಯಲ್ಲಿ ಅಲ್ಲಿ ಮೊಟ್ಟೆಯಿಟ್ಟು ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಅಕ್ಟೋಬರಿನ ಹೊತ್ತಿಗೆ ಬಹುಪಾಲು ದಕ್ಷಿಣಕ್ಕೆ ಹೊರಟುಬಿಟ್ಟಿರುತ್ತವೆ. ಅವೇ ಜಾತಿಯ ಹಕ್ಕಿಗಳು ಪ್ರತಿ ಚಳಿಗಾಲ ಬಂದಿಳಿಯುವ ಜಾಗಗಳಲ್ಲಿ ಒಂದು ಗದಗ ಜಿಲ್ಲೆಯ ಮಾಗಡಿ ಕೆರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನೀವು ಹಿಂದಿರುಗಿ ಎರಡು ತಿಂಗಳಾದ ಮೇಲೆ, ಡಿಸೆಂಬರಿನ ಒಂದು ಭಾನುವಾರ, ಬೆಳಗಿನ ಜಾವವೇ ಧಾರವಾಡ ಬಿಟ್ಟು ಮಾಗಡಿಗೆ ಹೋಗಿ. ಹೊಲಗಳಲ್ಲಿ ಮೇದು ಕೆರೆಗೆ ಮರಳುವ ಹಿಂಡುಗಳು ತಲೆಯ ಮೇಲೆಯೇ ಹಾದುಹೋಗುತ್ತವೆ, ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ದುರ್ಬೀನಿಲ್ಲದೆಯೂ ಕಾಣುತ್ತವೆ. ಅವು ದಾಟಿ ಬಂದ ಬೆಟ್ಟಗಳು ಯಾವುವೆಂದು ಆ ಹೊತ್ತಿಗೆ ಮಗಳಿಗೆ ಗೊತ್ತಿರುತ್ತದೆ.